ಹೊಸ ಕಾರಿನ ಟೈರು ತೆಗೆಸಬೇಕೆ?

ಈ ಸಂಚಿಕೆಗೆ ಮೋಟಾರು ಟೈರಿನ ವಿಷಯವಾಗಿ ಲೇಖನ ಬರೆಯುತ್ತೇನೆಂದು ಹೇಳಿದಾಗ ನಮ್ಮ ವಿದ್ಯಾರ್ಥಿ ಸಂಪಾದಕರು ಕೊಂಚ ಹೊತ್ತು ಸುಮ್ಮನಿದ್ದು, "ಕುಮಾರವ್ಯಾಸನನ್ನು ಕುರಿತು ಏನಾದರೂ ಬರೆಯಬಹುದಾಗಿತ್ತಲ್ಲ" ಎಂದರು. ಬರೆಯಬಹುದಾಗಿತ್ತು. ಆದರೆ ಕುಮಾರವ್ಯಾಸನನ್ನು ಕುರಿತು ವರ್ಷಕ್ಕೆ ಎರಡು ಲೇಖನಗಳು ಹೇಗೂ ಬರುತ್ತವೆ. ಅವುಗಳಲ್ಲಿ ಒಂದಾದರೂ ಕರ್ಣನ ರಥದ ಗಾಲಿ ನೆಲದಲ್ಲಿ ಹೂತ ಸಂಗತಿಯನ್ನು ಹೇಳಿಯೇ ಹೇಳುತ್ತದೆ. ನನ್ನದೂ ಗಾಲಿಯ ಸಂಗತಿಯೇ. ನಮ್ಮಲ್ಲಿ ಬಹುಮಂದಿ ಬಸ್ಸಿನ ಪಾಸು ತೋರಿಸಿಕೊಂಡು ಕಾಲೇಜಿಗೆ ಬರುವವರು ನಿಜ. ಆದರೂ ನೆಂಟರಿಷ್ಟರಲ್ಲಿ ಒಬ್ಬರಾದರೂ ಸಾಲ ಮಾಡಿ ಕಾರು ಕೊಳ್ಳದ ಮನೆ ಈಗ ಅಪರೂಪ. ಕೊಂಡ ಕಾರಿನ ಚಕ್ರದಡಿಯಲ್ಲಿ ಪೂಜೆಯ ನಿಂಬೆಹಣ್ಣು ಒಡೆದು ಒಂದು ವಾರ ಕಳೆಯುವುದರೊಳಗೆ ಯಾರಾದರೊಬ್ಬರು ಬಂದು, ಕಾರನ್ನು ಒಂದು ಸುತ್ತು ಹಾಕಿ, ಟೈರನ್ನು ಕಾಲಿನಿಂದ ಒದ್ದು ನೋಡಿ, "ಕಂಪನಿ ಟೈರು ತೆಗೆಸಿ ಬೇರೆ ಹಾಕಿಸೋದಿಲ್ವೆ?" ಎಂದು ಕೇಳದಿರುವುದೂ ಅಷ್ಟೇ ಅಪರೂಪ.

ನಮ್ಮ ಮನೆತನಕ್ಕೆ ಈ ಪ್ರಶ್ನೆ ಬಂದದ್ದು 2022ರ ಡಿಸೆಂಬರಿನಲ್ಲಿ. ಸಕಲೇಶಪುರದಲ್ಲಿ ದಿನಸಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ ಆಗ ಒಂದು ಮಾರುತಿ ಡಿಜೈರ್ ಕಾರು ಕೊಂಡರು. ಶೋಕಿಗಾಗಿ ಅಲ್ಲ. ನಮ್ಮ ಅಜ್ಜಿಯನ್ನು ಹದಿನೈದು ದಿನಕ್ಕೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕುಳಿತರೆ ಆಕೆಗೆ ಗುಂಡ್ಯ ಮುಟ್ಟುವ ಮೊದಲೇ ಜೀವ ಅರ್ಧವಾಗುತ್ತಿತ್ತು. ಬ್ಯಾಂಕಿನ ಸಾಲ ಮುಕ್ಕಾಲು ಪಾಲು, ಅತ್ತೆಯ ಎರಡು ಬಳೆ ಕಾಲು ಪಾಲು, ಹೀಗೆ ಕಾರು ಬಂತು. ಬಂದ ಮೂರನೆಯ ದಿನ ಪಕ್ಕದ ಮನೆಯ ಕಾಫಿ ವ್ಯಾಪಾರಿಗಳು ಟೈರನ್ನು ಒದ್ದು ನೋಡಿದರು. "ಸೈಕಲ್ ಟೈರು ಇದ್ದಂಗಿದೆಯಲ್ಲ ಮಾರಾಯ್ರೆ! ಈ ಸಣಕಲು ಟೈರಿನಲ್ಲಿ ಅಮ್ಮನ್ನ ಕೂರಿಸಿಕೊಂಡು ಮಳೆಗಾಲದಲ್ಲಿ ಘಾಟಿ ಇಳೀತೀರಾ?" ಎಂದರು.

ಈ ಮಾತಿನಲ್ಲಿ 'ಅಮ್ಮ' ಎಂಬ ಪದ ಇಲ್ಲದಿದ್ದರೆ ಮಾವ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅದು ಇದ್ದುದರಿಂದ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಮರುದಿನವೇ ಟೈರಿನ ಅಂಗಡಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಅದೇ ಚಕ್ರಕ್ಕೆ ಕೂರುವ ಅಗಲದ ಟೈರು ನಾಲ್ಕಕ್ಕೆ 24,000 ರೂಪಾಯಿ. ಬಿಚ್ಚಿಕೊಟ್ಟ ಹೊಸ ಟೈರಿಗೆ ಅಂಗಡಿಯವರು ಕಟ್ಟಿಕೊಡುವುದು 9,000. ಕೈಯಿಂದ ಹೋಗುವುದು 15,000. "ಒಂದೂವರೆ ತಿಂಗಳ ಕಂತು" ಎಂದು ಅತ್ತೆ ಅಡುಗೆಮನೆಯಿಂದಲೇ ಲೆಕ್ಕ ಹೇಳಿದರು. ಮಾವ ನನ್ನ ಕಡೆ ತಿರುಗಿ, "ಲೋ, ಓದಿದವನಲ್ಲವೇನೋ ನೀನು, ನೋಡಿ ಹೇಳು" ಎಂದರು. ನಾನು ಓದುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ಆದರೂ ನೋಡಿದೆ. ಆಗ ನೋಡಿ ಕಲಿತದ್ದೇ ಈ ಲೇಖನದ ಬಂಡವಾಳ.

ಮೊದಲು ಟೈರಿನ ಪಕ್ಕದ ಮೇಲೆ ಅಚ್ಚಾಗಿರುವ ಬರಹ. ಅದನ್ನು ಓದಬಲ್ಲವರು ಎಷ್ಟು ಕಡಿಮೆ ಎಂಬುದು ನನಗೆ ಆಶ್ಚರ್ಯ ಹುಟ್ಟಿಸಿದ ಸಂಗತಿ. ಕಾರಿನ ಒಡೆಯರೇ ಓದಿರುವುದಿಲ್ಲ. ಮಾವನ ಕಾರಿನದರಲ್ಲಿ 165/80 ಆರ್ 14 ಎಂದಿತ್ತು. 165 ಎಂದರೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಆ ಅಗಲದ ನೂರಕ್ಕೆ ಎಂಬತ್ತು ಪಾಲು ಟೈರಿನ ಪಕ್ಕದ ಎತ್ತರ. ಆರ್ ಎಂದರೆ ರೇಡಿಯಲ್, ಅಂದರೆ ಒಳಗಿನ ದಾರಗಳು ಓರೆಯಾಗಿರದೆ ಅಂಚಿನಿಂದ ಅಂಚಿಗೆ ನೇರವಾಗಿ ಹಾಯ್ದಿರುವ ಕಟ್ಟು. ಫ್ರಾನ್ಸಿನ ಮಿಷಲಿನ್ ಕಂಪನಿಯವರು 1946ರಲ್ಲಿ ಅದರ ಹಕ್ಕು ಪಡೆದರು. 14 ಎಂದರೆ ಟೈರು ಕೂರುವ ಲೋಹದ ಚಕ್ರದ ವ್ಯಾಸ, ಇದು ಮಾತ್ರ ಇಂಚುಗಳಲ್ಲಿ! ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಬುದ್ಧಿವಂತರು ಯಾರೋ ತಿಳಿಯದು. ಅದರ ಮುಂದೆ ಒಂದು ಸಂಖ್ಯೆ ಮತ್ತು ಒಂದು ಅಕ್ಷರ ಇರುತ್ತವೆ. 85 ಎಂದಿದ್ದರೆ ಒಂದು ಟೈರು 515 ಕಿಲೋ ಭಾರ ಹೊರಬಲ್ಲದೆಂದೂ, ಟಿ ಎಂದಿದ್ದರೆ ಗಂಟೆಗೆ 190 ಕಿಲೋಮೀಟರು ವೇಗದವರೆಗೆ ತಾಳುವುದೆಂದೂ ಅರ್ಥ. 515ನ್ನು ನಾಲ್ಕರಿಂದ ಗುಣಿಸಿ ನೋಡಿ: ಎರಡು ಟನ್ನಿಗೆ ಮೇಲಾಯಿತು. ನಮ್ಮ ಮನೆಯವರೆಲ್ಲ ಕುಳಿತು, ಡಿಕ್ಕಿಯಲ್ಲಿ ತೆಂಗಿನಕಾಯಿ ತುಂಬಿದರೂ ಆ ಕಾರು ಒಂದೂವರೆ ಟನ್ ಮುಟ್ಟುವುದಿಲ್ಲ. 'ಸಣಕಲು' ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಇನ್ನು ಅಂಗಡಿಯವರು ಸೂಚಿಸಿದ್ದು 185/70 ಆರ್ 14. ಇದರ ಲೆಕ್ಕ ಹಾಕಿದೆ. ಕಂಪನಿ ಟೈರಿನ ಪೂರ್ಣ ವ್ಯಾಸ ಸುಮಾರು 620 ಮಿಲಿಮೀಟರು. ಅಂಗಡಿಯವರದು ಸುಮಾರು 615. ವ್ಯತ್ಯಾಸ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ವೇಗದ ಮುಳ್ಳು ತಪ್ಪು ತೋರಿಸುವಷ್ಟು ದೊಡ್ಡದಲ್ಲ. ಚಕ್ರಕ್ಕೂ ಅದು ಕೂರುತ್ತದೆ. ಹಾಗಾದ್ದರಿಂದ ಅಂಗಡಿಯವರು ಮೋಸಗಾರರೆಂದು ನಾನು ಹೇಳಲಾರೆ. ಒಣ ರಸ್ತೆಯ ತಿರುವಿನಲ್ಲಿ ಅಗಲದ ಟೈರು ಹೆಚ್ಚು ನೆಟ್ಟಗೆ ನಿಲ್ಲುವುದೂ ಉಂಟು. ಆದರೆ ಮಾವನ ಪ್ರಶ್ನೆ ಒಣ ರಸ್ತೆಯದಾಗಿರಲಿಲ್ಲ. ಮಳೆ ನಿಂತ ರಸ್ತೆಯಲ್ಲಿ ಟೈರಿನ ಕೆಲಸ ನೀರನ್ನು ತನ್ನ ಗೀರುಗಳ ಮೂಲಕ ಆಚೀಚೆ ತಳ್ಳಿ ಡಾಂಬರನ್ನು ಮುಟ್ಟುವುದು. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ನಮ್ಮ ಅಂಗೈ ಅಗಲದ್ದು ಮಾತ್ರ. ಅಗಲ ಹೆಚ್ಚಿದಷ್ಟೂ ತಳ್ಳಬೇಕಾದ ನೀರೂ ಹೆಚ್ಚು. ತಳ್ಳಲಾರದೆ ಹೋದಾಗ ಟೈರು ನೀರಿನ ಮೇಲೆ ತೇಲುತ್ತದೆ, ಆಗ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕು ತುಳಿದರೂ ಒಂದೇ. ಗೀರಿನ ಆಳ ಮತ್ತು ವಿನ್ಯಾಸ ಒಂದೇ ಆಗಿದ್ದರೆ ಈ ವಿಷಯದಲ್ಲಿ ಸಣಕಲು ಟೈರೇ ಮೇಲು! ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ನೀರಿನ ಮೇಲೆ ಓಡಿಸಿ ಪ್ರಯೋಗ ನಡೆಸಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು: ಟೈರಿನೊಳಗಿನ ಗಾಳಿಯ ಒತ್ತಡ ತಗ್ಗಿದಷ್ಟೂ ಅದು ಕಡಿಮೆ ವೇಗದಲ್ಲೇ ತೇಲತೊಡಗುತ್ತದೆ. ಅಂದರೆ 15,000 ರೂಪಾಯಿಯಿಂದ ಕೊಳ್ಳಹೊರಟ ಭದ್ರತೆಯ ಒಂದು ದೊಡ್ಡ ಪಾಲು ಪೆಟ್ರೋಲ್ ಬಂಕಿನ ಗಾಳಿಯ ಕೊಳವೆಯಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಎಷ್ಟು ಗಾಳಿ ಹಿಡಿಸಬೇಕೆಂಬುದನ್ನು ಚಾಲಕನ ಬಾಗಿಲು ತೆರೆದರೆ ಕಾಣುವ ಪಟ್ಟಿಯ ಮೇಲೆ ಕಾರಿನವರೇ ಬರೆದಿರುತ್ತಾರೆ. ಅದನ್ನು ಓದದೆ "ಮಾಮೂಲಿ ಹೊಡೀರಿ" ಎನ್ನುವವರೇ ಹೆಚ್ಚು.

ಕಾರ್ಖಾನೆಯವರು ಈ ಟೈರನ್ನೇ ಏಕೆ ಹಾಕುತ್ತಾರೆ? ಅಗ್ಗವೆಂದು, ಎಂಬುದು ಜನರ ಉತ್ತರ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಲಕ್ಷಗಟ್ಟಲೆ ಟೈರು ಕೊಳ್ಳುವವನು ಒಂದೊಂದು ರೂಪಾಯಿಯನ್ನೂ ಎಣಿಸುತ್ತಾನೆ; ಅಲ್ಲದೆ ಮೈಲೇಜು ಚೆನ್ನಾಗಿ ಬರಬೇಕೆಂದು ಹಗುರವಾಗಿ ಉರುಳುವ ಟೈರನ್ನು ಕೇಳುತ್ತಾನೆ, ಹಿಡಿತದಲ್ಲಿ ತುಸು ಕಡಿಮೆಯಾದರೂ ಒಪ್ಪಿಕೊಳ್ಳುತ್ತಾನೆ. ಆದರೆ ಅದೇ ಟೈರಿನ ಮೇಲೆ ಅವನು ಕಾರಿನ ಬ್ರೇಕನ್ನೂ ಸ್ಪ್ರಿಂಗನ್ನೂ ಸ್ಟಿಯರಿಂಗನ್ನೂ ಹದ ಮಾಡಿರುತ್ತಾನೆಂಬುದೂ ಅಷ್ಟೇ ಸತ್ಯ. ಶ್ರೀಮಂತರ ಕಾರುಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ: ಬಿ.ಎಂ.ಡಬ್ಲ್ಯು. ಕಾರಿಗೆಂದೇ ಮಾಡಿದ ಟೈರಿನ ಮೇಲೆ ಒಂದು ನಕ್ಷತ್ರವನ್ನೂ, ಮರ್ಸಿಡಿಸ್ ಕಾರಿನದರ ಮೇಲೆ ಎಂ.ಓ. ಎಂಬ ಅಕ್ಷರಗಳನ್ನೂ ಅಚ್ಚು ಹಾಕಿರುತ್ತಾರೆ. ನಮ್ಮಂಥವರ ಕಾರಿಗೆ ನಕ್ಷತ್ರವಿಲ್ಲ. ಹದ ಮಾತ್ರ ಇದೆ.

ಹಾಗೆಂದು ಕಾರ್ಖಾನೆಯ ಟೈರು ವೇದವಾಕ್ಯವೆನ್ನಬಹುದೆ? ಇತಿಹಾಸದ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ಅಡ್ಡಿ ಎದುರಾಯಿತು. ಅಮೆರಿಕದಲ್ಲಿ 1990ರ ದಶಕದಲ್ಲಿ ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ಕಾರು ಬಹಳವಾಗಿ ಮಾರಾಟವಾಯಿತು. ಅದರಲ್ಲಿ ಬಹುಪಾಲಿಗೆ ಕಾರ್ಖಾನೆಯಲ್ಲೇ ಹಾಕಿದ ಟೈರು ಫೈರ್‌ಸ್ಟೋನ್. ಹೆನ್ರಿ ಫೋರ್ಡನಿಗೂ ಹಾರ್ವೆ ಫೈರ್‌ಸ್ಟೋನನಿಗೂ 1906ರಿಂದ ವ್ಯಾಪಾರದ ನಂಟು; ಹೊರಗಿನವರು ಸಂಶಯಪಡಲು ಕಾರಣವೇ ಇರಲಿಲ್ಲ. ಆದರೆ ಸುಡುಬಿಸಿಲಿನಲ್ಲಿ ಹೆದ್ದಾರಿಯ ಮೇಲೆ ವೇಗವಾಗಿ ಓಡುವಾಗ ಆ ಟೈರುಗಳ ಮೇಲುಪಟ್ಟಿ ಒಳಗಿನ ಉಕ್ಕಿನ ಪದರವನ್ನು ಬಿಟ್ಟು ಕಿತ್ತುಬರತೊಡಗಿತು, ಕಾರುಗಳು ಮಗುಚಿದುವು. 2000ದ ಆಗಸ್ಟ್ 9ರಂದು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2001ರ ಮೇ ತಿಂಗಳಲ್ಲಿ ಫೋರ್ಡ್ ಕಂಪನಿ ತಾನೇ ಇನ್ನೂ 1 ಕೋಟಿ 30 ಲಕ್ಷ ಟೈರು ಬದಲಾಯಿಸುವುದಾಗಿ ಸಾರಿತು. ಅದಕ್ಕೆ ಒಂದು ದಿನ ಮೊದಲು ಫೈರ್‌ಸ್ಟೋನಿನವರು ಸುಮಾರು 95 ವರ್ಷಗಳ ನಂಟನ್ನು ಕಡಿದುಕೊಂಡರು. ಸತ್ತವರ ಸಂಖ್ಯೆ ಸರಕಾರದ ಲೆಕ್ಕದಲ್ಲೇ 200 ದಾಟಿತ್ತು.

ಆಗ ನಡೆದ ವಾಗ್ವಾದ ನಮ್ಮ ಪ್ರಶ್ನೆಗೆ ತುಂಬ ಹತ್ತಿರದ್ದು. ಟೈರು ಕೆಟ್ಟದ್ದೆಂದು ಕಾರಿನವರು; ಕಾರೇ ಮಗುಚುವ ಸ್ವಭಾವದ್ದೆಂದು ಟೈರಿನವರು. ಅದರ ನಡುವೆ ಹೊರಬಿದ್ದ ಒಂದು ಅಂಕಿ: ಫೋರ್ಡ್ ಕಂಪನಿ ಆ ಕಾರಿಗೆ ಸೂಚಿಸಿದ್ದ ಗಾಳಿ ಚದರ ಇಂಚಿಗೆ 26 ಪೌಂಡು, ಫೈರ್‌ಸ್ಟೋನಿನವರು ಇರಬೇಕಾಗಿತ್ತೆಂದದ್ದು 30. ಇಷ್ಟು ಗಾಳಿಯ ಜಗಳದ ಫಲವಾಗಿಯೇ ಅಮೆರಿಕದವರು 2000ದ ನವೆಂಬರಿನಲ್ಲಿ ಹೊಸ ಕಾಯಿದೆ ಮಾಡಿದರು. ಗಾಳಿ ಕಡಿಮೆಯಾದರೆ ಚಾಲಕನಿಗೆ ದೀಪ ಹೊತ್ತಿಸಿ ತಿಳಿಸುವ ಸಾಧನ ಅಲ್ಲಿನ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು ಆ ಕಾಯಿದೆಯಿಂದ. ಆದ್ದರಿಂದ ಕಾರ್ಖಾನೆ ತಪ್ಪು ಮಾಡುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಮಾಡಿದಾಗ ಭಯಂಕರವಾಗಿಯೇ ಮಾಡುತ್ತದೆ. ಆದರೆ ಆ ತಪ್ಪು ಸಿಕ್ಕಿದ್ದು ಟೈರನ್ನು ಒದ್ದು ನೋಡಿದವರಿಗಲ್ಲ, ಅಪಘಾತಗಳ ಲೆಕ್ಕವಿಟ್ಟು ಕೂಡಿಸಿದವರಿಗೆ. ಪರಿಹಾರವೂ ಅಗಲದ ಟೈರಾಗಿರಲಿಲ್ಲ. ತಕ್ಕ ಅಳತೆಯ, ದೋಷವಿಲ್ಲದ ಟೈರಾಗಿತ್ತು.

ಇಷ್ಟು ಹೇಳಿ, ಮಾವನಿಗೆ ನಾನು ಕೊಟ್ಟ ಅಭಿಪ್ರಾಯಕ್ಕೆ ಬರುತ್ತೇನೆ. ಈಗ ತೆಗೆಸಬೇಡಿ, ಎಂದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನು ನೋಡಿದೆವು, ಅದೇ ವರ್ಷದ್ದಾಗಿತ್ತು. ಬಾಗಿಲಿನ ಪಟ್ಟಿಯ ಅಳತೆಗೂ ಟೈರಿನ ಅಳತೆಗೂ ತಾಳೆಯಾಯಿತು. ಸ್ಟೆಪ್ನಿಯನ್ನೂ ಮರೆಯದೆ ನೋಡಿದೆವು. ಮೊದಲ ಕೆಲವು ನೂರು ಕಿಲೋಮೀಟರು ನಿಧಾನವಾಗಿ ಓಡಿಸಿ, ಹೊಸ ಟೈರಿನ ಮೈಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಎಂದೆ. ಮತ್ತೆ ಆ 15,000 ರೂಪಾಯಿಯನ್ನು ಖರ್ಚು ಮಾಡಬೇಡಿ, ಉಳಿಸಿಯೂ ಬಿಡಬೇಡಿ. ಟೈರಿನ ಹೆಸರಿನಲ್ಲೇ ಎತ್ತಿಡಿ, ಎಂದೆ. ಈ ಕೊನೆಯ ಮಾತು ಅತ್ತೆಗೆ ಹಿಡಿಸಲಿಲ್ಲ.

ಅದರ ಕಾರಣವನ್ನು ಇಲ್ಲಿ ವಿಸ್ತರಿಸಿಯೇ ಹೇಳಬೇಕು, ಏಕೆಂದರೆ ನಮ್ಮ ಜನರೊಡನೆ ನನಗಿರುವ ನಿಜವಾದ ಜಗಳ ಇದೇ. ಹೊಸ ಟೈರನ್ನು ತೀರ ಬೇಗ ತೆಗೆಸುವ ನಾವು ಹಳೆಯ ಟೈರನ್ನು ತೀರ ತಡವಾಗಿ ತೆಗೆಸುತ್ತೇವೆ. ಕಾರು ಬಂದ ವಾರದಲ್ಲಿ ಎಂಟು ಮಿಲಿಮೀಟರಿನಷ್ಟು ಗೀರಿರುವ ಟೈರು ನಮಗೆ ಅಪಾಯವಾಗಿ ಕಾಣುತ್ತದೆ. ಮೂರು ವರ್ಷ ಕಳೆದು ಅದೇ ಗೀರು ಎರಡು ಮಿಲಿಮೀಟರಿಗೆ ಇಳಿದಾಗ "ಇನ್ನೊಂದು ಮಳೆಗಾಲ ಓಡುತ್ತದೆ" ಎನ್ನುತ್ತೇವೆ. ಮೊದಲನೆಯದರಲ್ಲಿ ನೋಡುವವರಿದ್ದಾರೆ, ಎರಡನೆಯದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಸಾಲದ ಉತ್ಸಾಹದಲ್ಲಿ ಮೊದಲನೆಯದಕ್ಕೆ ಹಣ ಹೊರಡುತ್ತದೆ. ಎರಡನೆಯದರ ಹೊತ್ತಿಗೆ ಶಾಲೆಯ ಶುಲ್ಕ, ಮದುವೆ, ಮನೆಯ ಹೆಂಚು ಎಲ್ಲವೂ ಎದುರಿಗೆ ನಿಂತಿರುತ್ತವೆ. ಗೀರುಗಳ ನಡುವೆ ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ, ನೋಡಿದ್ದೀರಾ? ಅವುಗಳ ಎತ್ತರ 1.6 ಮಿಲಿಮೀಟರು. ಟೈರು ಸವೆದು ಉಬ್ಬಿನ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತೆಂದು ಲೆಕ್ಕ. ಆದರೆ ಅದು ಕೊನೆಯ ಗೆರೆ. ಅದರ ಅಂಚಿನವರೆಗೂ ಎಲ್ಲ ಸರಿಯಾಗಿದ್ದು ದಾಟಿದ ಕ್ಷಣ ಕೆಡುತ್ತದೆಂದಲ್ಲ. ಜರ್ಮನಿಯ ದೊಡ್ಡ ಮೋಟಾರು ಸಂಘವಾದ ಎ.ಡಿ.ಎ.ಸಿ. ತನ್ನ ಸದಸ್ಯರಿಗೆ ಬೇಸಿಗೆಯ ಟೈರನ್ನು 3 ಮಿಲಿಮೀಟರಿಗೇ ಬದಲಿಸಿರೆಂದು ಸಲಹೆ ಕೊಡುತ್ತದೆ, ಏಕೆಂದರೆ ನೀರನ್ನು ತಳ್ಳುವ ಶಕ್ತಿ ಅದಕ್ಕಿಂತ ಕೆಳಗೆ ಬೇಗ ಕುಗ್ಗುತ್ತದೆ. ಜರ್ಮನಿಯ ಮಳೆಗೇ ಹೀಗಾದರೆ, ಮಾರನಹಳ್ಳಿಯ ಜುಲೈ ತಿಂಗಳ ಮಳೆಗೆ?

ಕಂಪನಿ ಟೈರನ್ನು ಮೊದಲೇ ತೆಗೆಸುವುದು ಸರಿಯಾಗುವ ಸಂದರ್ಭಗಳೂ ಇವೆಯೆಂದು ಒಪ್ಪುತ್ತೇನೆ. ತೋಟದ ಕೆಸರಿನಲ್ಲಿ ದಿನವೂ ಜೀಪು ಹತ್ತಿಸುವವರಿಗೆ ಪೇಟೆಯ ಟೈರು ಸಾಲದು. ಮುದ್ರೆಯ ತಾರೀಖು ತೀರ ಹಳೆಯದಾಗಿದ್ದರೆ, ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಕಾರು ಮನೆಗೆ ತರುವ ಮೊದಲೇ ಜಗಳವಾಡಬೇಕು. ಕೆಲವರಿಗೆ ಒದ್ದೆ ರಸ್ತೆಯಲ್ಲಿ ಕಂಪನಿ ಟೈರಿನ ಹಿಡಿತ ನಿಜವಾಗಿಯೂ ಕಡಿಮೆಯೆಂದು ಓಡಿಸಿದ ಮೇಲೆ ಅನುಭವಕ್ಕೆ ಬರಬಹುದು. ಅವರು ಅದೇ ಅಳತೆಯಲ್ಲಿ ಒಳ್ಳೆಯ ಹಿಡಿತದ ಟೈರನ್ನು ಹಾಕಿಸಿಕೊಳ್ಳಲಿ. ಕಾರಿನ ಅಂದಕ್ಕಾಗಿ ಅಗಲದ ಟೈರು ಬೇಕೆನ್ನುವವರ ಮೇಲೂ ನನಗೆ ಕೋಪವಿಲ್ಲ. ಅಂದಕ್ಕೆಂದು ಹೇಳಿ ಹಾಕಿಸಲಿ. ಅಮ್ಮನ ಹೆಸರು ಹೇಳಿ ಬೇಡ.

2025ರ ಮೇ ತಿಂಗಳಲ್ಲಿ ಮಾವನ ಕಾರು 31,000 ಕಿಲೋಮೀಟರು ಮುಗಿಸಿತ್ತು. ಗೀರಿನ ಆಳ ಅಳೆಯುವ ಪುಟ್ಟ ಕಡ್ಡಿಯೊಂದನ್ನು ನಾನೇ ಹಾಸನದಿಂದ ಕೊಂಡೊಯ್ದಿದ್ದೆ. ಮುಂದಿನ ಎರಡು ಟೈರು 3 ಮಿಲಿಮೀಟರಿಗೆ ಬಂದಿದ್ದುವು, ಹಿಂದಿನವು 5ರ ಆಸುಪಾಸಿನಲ್ಲಿದ್ದುವು. ಪಕ್ಕದ ಮನೆಯ ಕಾಫಿ ವ್ಯಾಪಾರಿಗಳು ಎಂದಿನಂತೆ ಒದ್ದು ನೋಡಿ, "ಇನ್ನೂ ಹತ್ತು ಸಾವಿರ ಧಾರಾಳವಾಗಿ ಓಡುತ್ತೆ, ಸುಮ್ಮನೆ ದುಡ್ಡು ಯಾಕೆ ಹಾಳು ಮಾಡ್ತೀರಿ?" ಎಂದರು. ಮಾವ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಒಳಗೆ ಹೋಗಿ ಅಕ್ಕಿಯ ಡಬ್ಬಿಯ ಹಿಂದಿನಿಂದ ಒಂದು ಲಕೋಟೆ ತಂದರು. ಆ 15,000 ಅಲ್ಲಿಯೇ ಇತ್ತು. ಅಲ್ಲ, 13,500 ಇತ್ತು, ನಡುವೆ ಒಂದು ಗ್ಯಾಸ್ ಒಲೆ ಬಂದಿತ್ತು.

ಎರಡೇ ಟೈರು ಕೊಂಡೆವು, ಅದೇ ಅಳತೆಯವು. ಅಂಗಡಿಯ ಹುಡುಗ ಹೊಸದನ್ನು ಮುಂದಕ್ಕೆ ಹಾಕಲು ಹೊರಟ. ಎರಡೇ ಹೊಸದಾದರೆ ಹಿಂದಕ್ಕೆ ಹಾಕಬೇಕೆಂದು, ಹಿಂದಿನ ಚಕ್ರ ಜಾರಿದರೆ ಸಾಮಾನ್ಯ ಚಾಲಕನಿಂದ ಕಾರನ್ನು ಹಿಡಿಯುವುದು ಕಷ್ಟವೆಂದು ನಾನು ಹೇಳಿದೆ. ಅವನು ನಂಬಲಿಲ್ಲ, ಆದರೆ ಹಾಗೆಯೇ ಹಾಕಿಕೊಟ್ಟ. ಹಿಂದಿದ್ದವು ಮುಂದಕ್ಕೆ ಬಂದುವು. ಗಾಳಿಯನ್ನು ಮಾವ ತಾವೇ ಬಾಗಿಲಿನ ಪಟ್ಟಿ ಓದಿ ಹೇಳಿ ಹಿಡಿಸಿದರು.

ಜೂನ್ ಕೊನೆಯ ವಾರ ಆಸ್ಪತ್ರೆಯ ಸರದಿಗೆ ನಾನೂ ಜೊತೆಗೆ ಹೋದೆ. ಘಾಟಿಯ ಮೇಲೆ ಮಳೆ ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಮಾವ ನಲವತ್ತಕ್ಕೆ ಮೇಲೆ ಹೋಗಲಿಲ್ಲ, ಮಾತೂ ಆಡಲಿಲ್ಲ. ಅಜ್ಜಿ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಮಲಗಿದ್ದಳು. ಇಳಿಜಾರು ಮುಗಿದು ರಸ್ತೆ ನೆಟ್ಟಗಾದಾಗ ಎದ್ದು ಕುಳಿತು ಕಿಟಕಿಯ ಗಾಜು ಒರೆಸಿದಳು.

"ಗುಂಡ್ಯ ಯಾವಾಗ ಬರುತ್ತೋ ಮಗಾ?"

"ಆಗಲೇ ದಾಟಿತಜ್ಜಿ" ಎಂದೆ.